ವಾರದಲ್ಲಿಲ್ಲದ ಎಂಟು ತಾಸು

ಸೋಮವಾರ ಮುಂಜಾನೆ ಆರು ಗಂಟೆಗೆ ನಮ್ಮ ಬಾವಿಗೆ ಇಬ್ಬರು ಒಡೆಯರಾದರು. ಆರಕ್ಕೆ ಮೊದಲು ನೀರು ನಮ್ಮದಾಗಿತ್ತು. ಆರು ಬಡಿದ ಮೇಲೂ ನಮ್ಮದೇ. ಆದರೆ ಆರು ಬಡಿದ ಕೂಡಲೇ ಅದು ನನ್ನ ಗಂಡನ ದೊಡ್ಡಪ್ಪನ ಮಗನದೂ ಆಯಿತು. ಇಬ್ಬರ ಕೈಯಲ್ಲೂ ಕೋರ್ಟಿನ ಡಿಕ್ರಿಯ ನಕಲಿತ್ತು. ಎರಡೂ ನಕಲಿನಲ್ಲಿ ಒಂದೇ ಒಕ್ಕಣೆ. ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಇಷ್ಟು ವರ್ಷದ ಮೇಲೂ ನನಗೆ ಭಯ ಹುಟ್ಟಿಸುವುದು ಅದೇ.

ನಾನು ಹುಟ್ಟಿ ಬೆಳೆದದ್ದು ನಿಪ್ಪಾಣಿಯಲ್ಲಿ, ತಂಬಾಕಿನ ಗೋದಾಮುಗಳ ಘಾಟು ಮನೆಯೊಳಗೆ ಬರುವ ಓಣಿಯಲ್ಲಿ. ಗಣಿತ ತೆಗೆದುಕೊಂಡು ಬಿ.ಎಸ್ಸಿ. ಮಾಡಿದೆ. ಎಂಬತ್ತರ ದಶಕದ ನಡುವೆ ಚಿಕ್ಕೋಡಿಗೂ ರಾಯಬಾಗಕ್ಕೂ ನಡುವಿನ ಒಂದು ಹಳ್ಳಿಗೆ, ಜೈನರ ಒಕ್ಕಲು ಮನೆತನಕ್ಕೆ ಸೊಸೆಯಾಗಿ ಬಂದೆ. ಮನೆ ಹಿಂದೆ ಕಬ್ಬು, ಕಬ್ಬಿನ ನಡುವೆ ಬಾವಿ. ಓಣಿಯವರು ನನ್ನನ್ನು "ಲೆಕ್ಕದ ಸೊಸಿ" ಎಂದು ಚೇಷ್ಟೆ ಮಾಡುತ್ತಿದ್ದರು. "ಲೆಕ್ಕದ ಸೊಸಿ ಬಂದಾಳ, ಇನ್ನ ರೊಟ್ಟಿ ಎಣಿಸಿ ಹಾಕ್ತಾಳ" ಎಂದು ಅತ್ತೆಯೇ ನಗುತ್ತಿದ್ದರು. ಅತ್ತೆಯ ತವರು ಕೃಷ್ಣೆಯ ದಂಡೆಯ ಜುಗೂಳ. ನೀರಿಗಾಗಿ ಪಾಳಿ ಹಚ್ಚುವುದೇ ಅವರಿಗೆ ವಿಚಿತ್ರವಾಗಿ ಕಾಣುತ್ತಿತ್ತು. "ನಮ್ಮೂರಾಗ ಹೊಳಿ ಯಾರ್ನೂ ಪಾಳಿ ಕೇಳೂದಿಲ್ಲವಾ" ಎನ್ನುತ್ತಲೇ ಕುಡಿಯುವ ನೀರನ್ನು ಬಿಳಿ ಬಟ್ಟೆಯಲ್ಲಿ ಸೋಸುತ್ತಿದ್ದರು. ಕಣ್ಣಿಗೆ ಕಾಣದ ಜೀವಕ್ಕೂ ನೋವಾಗಬಾರದೆಂದು ಸೋಸಿದ ನೀರು ನಮ್ಮದು. ಆ ನೀರು ಬರುತ್ತಿದ್ದದ್ದು ಅದೇ ಬಾವಿಯಿಂದ.

ಬಾವಿ ನನ್ನ ಗಂಡನ ಅಜ್ಜ ಕಡಿಸಿದ್ದು. ಅವರ ಮೂವರು ಮಕ್ಕಳಿಗೆ ಅದು ಹಂಚಿಹೋಗಿತ್ತು. ನಮ್ಮ ಕಡೆ ಇಂಥ ಕೂಡು ಬಾವಿಯನ್ನು ರೂಪಾಯಿಯಂತೆ ಹದಿನಾರು ಆಣೆ ಎಂದು ಹಿಡಿದು ಪಾಲು ಮಾಡುತ್ತಾರೆ. ಬಾವಿಯಿದ್ದ ಭೂಮಿ ಹಿರಿಯ ಮಗನ ಪಾಲಿಗೆ ಬಂದದ್ದರಿಂದ ಆ ದೊಡ್ಡ ಮನೆಗೆ ಆರು ಆಣೆ. ನಡುವಿನ ಮನೆಗೆ ಐದು, ಕಿರಿಯವರಾದ ನನ್ನ ಮಾವನಿಗೆ ಐದು. ಎತ್ತು ಕಟ್ಟಿ ನೀರು ಎತ್ತುತ್ತಿದ್ದ ಕಾಲಕ್ಕೆ ಇದರಿಂದ ಯಾವ ತೊಂದರೆಯೂ ಇರಲಿಲ್ಲವಂತೆ. ಎತ್ತು ದಣಿದರೆ ಪಾಳಿ ಮುಗಿಯಿತು. ಕರೆಂಟಿನ ಮೋಟಾರು ದಣಿಯುವುದಿಲ್ಲ. ಅದು ಬಂದ ಮೇಲೆ ಜಗಳ ಬಂತು, ಜಗಳ ಕೋರ್ಟಿಗೆ ಹೋಯಿತು. ಬಹಳ ವರ್ಷ ಎಳೆದಾಡಿ ಕೊನೆಗೆ, ನಾನು ಮದುವೆಯಾಗಿ ಬಂದ ವರ್ಷ, ರಾಜಿಯಾಯಿತು.

ರಾಜಿ ಬರೆದದ್ದು ಚಿಕ್ಕೋಡಿಯಲ್ಲಿ ನಮ್ಮ ವಕೀಲರ ಕಚೇರಿಯಲ್ಲಿ. ಮಾವ ಅಂದು ಸಂಜೆ ಪೇಢೆಯ ಪೊಟ್ಟಣ ಹಿಡಿದು ಬಂದು, ದೀಪ ಹಚ್ಚುವ ಮೊದಲೇ ಊಟಕ್ಕೆ ಕೂತು, ನಡೆದದ್ದನ್ನೆಲ್ಲ ಅಭಿನಯಿಸಿ ತೋರಿಸಿದರು. ಆಣೆಯ ಲೆಕ್ಕವನ್ನು ಡಿಕ್ರಿಯಲ್ಲಿ ತಾಸಿಗೆ ಇಳಿಸಿ ಬರೆಯಬೇಕಾಗಿತ್ತಂತೆ. ವಾರಕ್ಕೊಮ್ಮೆ ಪಾಳಿ ತಿರುಗಬೇಕು. ವಾರದ ತಾಸುಗಳನ್ನು ಹದಿನಾರರಿಂದ ಭಾಗಿಸಿದ ಗುಮಾಸ್ತ, "ಆಣೆಕ ಹತ್ತೂವರಿ ತಾಸು ಬರತೈತ್ರಿ" ಎಂದನಂತೆ. ವಕೀಲರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಈ ಅರ್ಧ ಗಿರ್ಧ ಬ್ಯಾಡ್ರಿ. ಅರ್ಧ ತಾಸು ಅಂದ್ರ ಅದ ಜಗಳದ ಬೀಜ. ಹನ್ನೊಂದು ಹಿಡೀರಿ, ಲೆಕ್ಕ ಸ್ವಚ್ಛ."

ಎಲ್ಲರೂ ಹೌದೆಂದರು. ಆರು ಆಣೆಗೆ ಅರವತ್ತಾರು ತಾಸು, ಐದು ಆಣೆಗೆ ಐವತ್ತೈದು, ಇನ್ನೊಂದು ಐದು ಆಣೆಗೆ ಐವತ್ತೈದು. ಪ್ರತಿ ಮನೆಗೂ ಎರಡೋ ಮೂರೋ ತಾಸು ಹೆಚ್ಚು ಬಂತು. ಇಷ್ಟು ವರ್ಷ ಬಡಿದಾಡಿದವರಿಗೆ ಎಲ್ಲರೂ ಗೆಲ್ಲುವ ರಾಜಿ ಸಿಕ್ಕಿತ್ತು. ಎರಡೂ ಕಡೆಯ ವಕೀಲರು ಸಹಿ ಹಾಕಿದರು, ಕೋರ್ಟಿನಲ್ಲಿ ಜಡ್ಜ್ ಸಾಹೇಬರೂ ಹಾಕಿದರು. ದೊಡ್ಡ ಮನೆಯ ಪಾಳಿ ಸೋಮವಾರ ಮುಂಜಾನೆ ಆರಕ್ಕೆ ಸುರು, ಅವರ ಹಿಂದೆ ನಡುವಿನ ಮನೆ, ಅವರ ಹಿಂದೆ ನಾವು, ಮತ್ತೆ ಸೋಮವಾರ ಆರಕ್ಕೆ ದೊಡ್ಡ ಮನೆ. ಅದೇ ಡಿಕ್ರಿ.

ಮೂರೂ ಅಂಕಿಗಳನ್ನು ಕೂಡಿಸಿ ನೋಡಿದವರು ಯಾರೂ ಇರಲಿಲ್ಲ. ಕೂಡಿಸಿದರೆ ನೂರ ಎಪ್ಪತ್ತಾರು ತಾಸು. ವಾರಕ್ಕಿರುವುದು ನೂರ ಅರವತ್ತೆಂಟು.

ಮೊದಲ ವಾರ ದೊಡ್ಡ ಮನೆಯವರು ತಮ್ಮ ಪಾಳಿ ಮುಗಿಸಿದರು, ನಡುವಿನವರು ಮುಗಿಸಿದರು. ನಮ್ಮದು ಶನಿವಾರ ಮುಂಜಾನೆ ಏಳಕ್ಕೆ ಹತ್ತಿತು. ಐವತ್ತೈದು ತಾಸು ಎಣಿಸಿದರೆ ಸೋಮವಾರ ಮಧ್ಯಾಹ್ನ ಎರಡಕ್ಕೆ ಮುಗಿಯಬೇಕು. ಸೋಮವಾರ ಆರಕ್ಕೆ ಭಾವನವರು, ಎಂದರೆ ದೊಡ್ಡ ಮನೆಯ ಮಗ, ಹೆಗಲ ಮೇಲೆ ಸಲಿಕೆ ಇಟ್ಟುಕೊಂಡು ಬಂದರು. ನಾನು ಹುಲ್ಲಿಗೆಂದು ಹೋದವಳು ಕಬ್ಬಿನ ಅಂಚಿನಲ್ಲಿದ್ದೆ.

"ಏ ತಮ್ಮಾ, ಬಂದ್ ಮಾಡೋ. ಆರು ಆತು."

"ಎರಡರ ತನಕ ನಮ್ದೈತಣ್ಣಾ" ಎಂದರು ನನ್ನ ಗಂಡ.

"ಯಾವ ಎರಡೋ? ನಿನ್ನ ಗಡಿಯಾರ ಮಾವನ ಮನಿಯವ್ರು ಕೊಟ್ಟದ್ದು, ನಿಪ್ಪಾಣಿ ಟೈಮ್ ತೋರಸ್ತೈತಿ."

"ಕಾಗದ ನೋಡಣ್ಣಾ."

"ನೀ ನಂದು ನೋಡು."

ಇಬ್ಬರೂ ತಮ್ಮ ತಮ್ಮ ನಕಲು ಅದಲು ಬದಲು ಮಾಡಿಕೊಂಡು ಓದಿದರು. ಓದಿದ್ದನ್ನೇ ಮತ್ತೆ ಓದಿದರು. ಆಮೇಲೆ ಇಬ್ಬರಿಗೂ ನಗು ಬಂತು. "ವಕೀಲ್ರು ವಾರಕ್ಕ ಇನ್ನೊಂದು ದಿನ ಹುಟ್ಟಿಸ್ಯಾರ ಬಿಡು" ಎಂದು ಭಾವನವರು ಹೇಳಿದ್ದು ನನಗೆ ಸ್ಪಷ್ಟ ನೆನಪಿದೆ. ಅಂದು ಅವರು ಆ ಹೊತ್ತನ್ನು ಸಮ ಮಾಡಿ ಹಂಚಿಕೊಂಡರು. ಹೊರಡುವಾಗ ಭಾವನವರು ನಮ್ಮ ಮಡಿಯಲ್ಲಿ ಒಡೆದಿದ್ದ ಒಂದು ಬದುವನ್ನೂ ಮುಚ್ಚಿಕೊಟ್ಟು ಹೋದರು. ಅಲ್ಲಿಗೇ ಮುಗಿಯಬಹುದಿತ್ತು ಎಂದು ಅದೆಷ್ಟು ಸಲ ಅಂದುಕೊಂಡಿದ್ದೇನೆ.

ಅಂದೇ ಸಂಜೆ ಎರಡೂ ಮನೆಯ ಹಿರಿಯರು ಉರಿದುಬಿದ್ದರು. "ಇವತ್ತು ಅರ್ಧ ಬಿಟ್ರ ನಾಳೆ ಅದ ರೂಢಿ ಆಗತೈತಿ. ಆಮ್ಯಾಲೆ ನಿನ್ನ ಮಗ ಬಂದು ನನ್ನ ಹೆಸರಿನ ಮ್ಯಾಲೆ ಉಗುಳ್ತಾನ" ಎಂದು ಮಾವ ಮಗನಿಗೆ ಬೈದರು. ದೊಡ್ಡ ಮನೆಯಲ್ಲೂ ಅದೇ ಮಾತು ಆಯಿತೆಂದು ಆಮೇಲೆ ಕೇಳಿದೆ. ಎರಡೂ ಕಡೆಯವರು ತಮ್ಮ ತಮ್ಮ ವಕೀಲರನ್ನು ಕೇಳಿದರು. ಇಬ್ಬರೂ ವಕೀಲರು ಒಂದೇ ಸಲಹೆ ಕೊಟ್ಟರು: ಒಂದು ನಿಮಿಷವನ್ನೂ ಬಿಡಬೇಡಿ, ಬಿಟ್ಟರೆ ಹಕ್ಕು ಹೋಗುತ್ತದೆ.

ನಾನು ಹಟ ಹಿಡಿದು ಗಂಡನ ಜೊತೆ ಚಿಕ್ಕೋಡಿಗೆ ಹೋದೆ. ವಕೀಲರ ಕಚೇರಿಯ ಬಾಗಿಲಲ್ಲಿ ರಾಯಬಾಗದ ಬಸ್ಸಿನಿಂದ ಇಳಿದ ಕಕ್ಷಿದಾರರು ಬೆಂಚಿನ ಮೇಲೆ ಕೂತಿದ್ದರು. ವಕೀಲರು ಒಳ್ಳೆಯ ಮನುಷ್ಯ. ಚಹಾ ತರಿಸಿದರು. ಗಂಡ ಹೇಳಲು ತಡವರಿಸಿದಾಗ ನಾನೇ ಹೇಳಿದೆ.

"ಸರ್, ಮೂರೂ ಕೂಡಿಸಿದ್ರ ವಾರಕ್ಕಿಂತ ಎಂಟು ತಾಸು ಹೆಚ್ಚಿಗಿ ಆಗತೈತ್ರಿ."

"ತಂಗೆವ್ವಾ, ನಾ ಗಣಿತಕ್ಕ ಅಂಜಿ ಲಾ ಮಾಡೀನಿ. ಗಣಿತ ಬಂದಿದ್ರ ಎಂಜಿನಿಯರ್ ಆಗಿ ಡ್ಯಾಮ್ ಕಟ್ಟತಿದ್ದೆ, ನಿಮಗ ಬಾವಿ ಜಗಳನ ಇರತಿದ್ದಿಲ್ಲ."

ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ನನ್ನ ಗಂಡನೂ ನಕ್ಕರು. ದೊಡ್ಡವರ ಎದುರು ನಗದಿರುವುದು ಹೇಗೆ? ನಾನು ಮೇಜಿನ ಮೇಲೆ ಬೆರಳಿನಿಂದ ಅಂಕಿ ಬರೆದು ತೋರಿಸಿದೆ. ಅವರು ನೋಡಿದರು, ತುಟಿ ಅಲ್ಲಾಡಿಸಿ ಒಮ್ಮೆ ಕೂಡಿಸಿದರು. ಮುಖ ಕ್ಷಣಹೊತ್ತು ಬಿಳಿಚಿತು. ಅದನ್ನು ನಾನು ಕಂಡೆ. ಆಮೇಲೆ ಅವರು ಕನ್ನಡಕ ಹಾಕಿಕೊಂಡರು.

"ಕೋರ್ಟು ಕೊಟ್ಟದ್ದು ಐತಿ ಇದು. ಕೋರ್ಟು ಕೊಟ್ಟ ಮ್ಯಾಲೆ ತಪ್ಪು ಅನ್ನೂ ಹಂಗಿಲ್ಲ. ಹೊಂದಿಸಿಕೊಂಡು ಹೋಗ್ರಿ."

ಒಂದು ನಿಮಿಷವನ್ನೂ ಬಿಡಬೇಡಿ ಎಂದು ಅವರೇ ಹೇಳಿದ್ದನ್ನು ನನ್ನ ಗಂಡ ನೆನಪಿಸಿದರು. "ಹೌದಲಾ, ಬಿಡದಂಗ ಹೊಂದಿಸಿಕೊಳ್ರಿ" ಎಂದರು ವಕೀಲರು.

ಲೆಕ್ಕದ ತಪ್ಪನ್ನು ಕೋರ್ಟು ಯಾವಾಗ ಬೇಕಾದರೂ ತಿದ್ದಬಹುದು ಎಂದು ಕಾನೂನಿನಲ್ಲೇ ಇದೆ. ಅದು ನನಗೆ ತಿಳಿದದ್ದು ಬಹಳ ತಡವಾಗಿ. ಆಗಲೂ ಹೇಳಿದವರು ಇದೇ ವಕೀಲರು. ಅಂದು ಅವರು ಅದನ್ನು ಹೇಳಲಿಲ್ಲ.

ಕರೆಂಟು ಒಂದು ವಾರ ಹಗಲು, ಒಂದು ವಾರ ರಾತ್ರಿ ಬರುತ್ತಿತ್ತು. ರಾತ್ರಿ ಕರೆಂಟಿನ ವಾರ ಸೋಮವಾರ ಮುಂಜಾನೆ ಮೋಟಾರು ಸುಮ್ಮನಿರುತ್ತಿತ್ತು, ಆ ಎಂಟು ತಾಸು ಯಾರದಾದರೂ ಚಿಂತೆಯಿರಲಿಲ್ಲ. ಹಗಲಿನ ವಾರ ಬಂತೆಂದರೆ ರವಿವಾರ ಸಂಜೆಯಿಂದಲೇ ನಾನು ಗಂಡನ ಬೆನ್ನು ಹತ್ತುತ್ತಿದ್ದೆ. ಇವರು ಬಾವಿಯಿಂದ ಮನೆಗೆ ಜೀವಂತ ಬರುತ್ತಾರೋ ಇಲ್ಲವೋ, ನನಗೆ ಅದೊಂದೇ. ನೀರು ಯಾರಿಗಾದರೂ ಹೋಗಲಿ. "ಆರಕ್ಕ ಎದ್ದು ಬಂದ್ಬಿಡ್ರಿ" ಎಂದು ಕಾಲು ಹಿಡಿದಿದ್ದೇನೆ. "ಬಂದ್ರ ಅಪ್ಪ ಮನಿಯೊಳಗ ಕಾಲಿಡಾಕ ಬಿಡೂದಿಲ್ಲ" ಎನ್ನುತ್ತಿದ್ದರು. ಅದೂ ನಿಜವೇ.

ಆ ಬೇಸಿಗೆಯ ಒಂದು ಸೋಮವಾರ ನಾನು ಬುತ್ತಿ ಹೊತ್ತು ಹೋದೆ. ರೊಟ್ಟಿ, ಪುಂಡಿಪಲ್ಯ, ಗಟ್ಟಿ ಮೊಸರು. ದೂರದಿಂದಲೇ ಮೋಟಾರಿನ ಸದ್ದು ಕೇಳುತ್ತಿತ್ತು. ಗುರ್ ಎಂದು ಏಳುವುದು, ಸಾಯುವುದು, ಮತ್ತೆ ಏಳುವುದು. ಸ್ಟಾರ್ಟರಿಗೆ ಹಸಿರು ಗುಂಡಿ ಒಂದು, ಕೆಂಪು ಗುಂಡಿ ಒಂದು. ಒಬ್ಬರು ಹಸಿರು ಒತ್ತುತ್ತಿದ್ದಾರೆ, ಇನ್ನೊಬ್ಬರು ಕೆಂಪು ಒತ್ತುತ್ತಿದ್ದಾರೆ ಎಂದು ನೋಡದೆಯೂ ತಿಳಿಯಿತು. ನಾನು ಓಡತೊಡಗಿದೆ. ಕಬ್ಬಿನ ಸಾಲು ದಾಟಿ ಬರುವಷ್ಟರಲ್ಲಿ ಅವರು ಮೋಟಾರು ಖೋಲಿಯಿಂದ ಹೊರಗೆ, ಬಾವಿಯ ದಂಡೆಯಲ್ಲಿದ್ದರು. ನೀರು ನಮ್ಮ ಕಡೆ ಹರಿಯುತ್ತಿತ್ತು. ಭಾವನವರು ಅದನ್ನು ತಮ್ಮ ಕಡೆ ತಿರುಗಿಸಲು ಕಾಲುವೆಯ ಬದು ಕಡಿಯುತ್ತಿದ್ದರು. ಇವರು ಹೋಗಿ ಕಡಿದ ಜಾಗದಲ್ಲಿ ಕಾಲಿಟ್ಟು ನಿಂತರು.

"ಸರಿಯೋ ತಮ್ಮಾ."

"ಕಡೀ, ನನ್ನ ಕಾಲಿನ ಮ್ಯಾಲೆ ಕಡೀ."

"ಸರಿ ಅಂದೆ ನಿನಗ."

ಸಲಿಕೆ ಮೇಲಕ್ಕೆ ಹೋಯಿತು. ಇವರು ಹಿಂದಕ್ಕೆ ಒಂದು ಹೆಜ್ಜೆ ಇಟ್ಟರು. ಹಿಂದೆ ಕೆಸರು, ಕೆಸರಿನ ಹಿಂದೆ ಬಾವಿ.

ಈ ಜಾಗಕ್ಕೆ ಬಂದಾಗ ನನ್ನ ನೆನಪು ಸುತ್ತು ಹೊಡೆಯತೊಡಗುತ್ತದೆ. ಸಲಿಕೆ ಹೊಡೆಯಲೆಂದು ಎತ್ತಿದ್ದೋ, ಹೆದರಿಸಲೆಂದೋ, ಇಲ್ಲ ಹೆಗಲಿಗೆ ಹಾಕಿಕೊಂಡು ಹೊರಟುಹೋಗಲೆಂದೋ? ಕಣ್ಣು ಮುಚ್ಚಿದರೆ ಸಲಿಕೆಯ ಅಲಗಿನ ಮೇಲೆ ಅಂಟಿದ ಹಸಿ ಮಣ್ಣು ಕಾಣುತ್ತದೆ, ಭಾವನವರ ಮುಖ ಕಾಣುವುದಿಲ್ಲ. ಪೊಲೀಸರಿಗೆ ಇದನ್ನೇ ಹೇಳಿದೆ, ಕೋರ್ಟಿಗೂ ಇದನ್ನೇ ಹೇಳಿದೆ.

ಬಾವಿಯೊಳಗೆ ಕಲ್ಲಿನ ಕಟ್ಟೆಗೆ ಇವರ ಸೊಂಟ ಬಡಿದ ಸದ್ದು ಕೇಳಿತು, ಆಮೇಲೆ ನೀರಿನ ಸದ್ದು. ನಾನು ಕಿರುಚಿದೆನಂತೆ, ನನಗೆ ಗೊತ್ತಿಲ್ಲ. ಸಲಿಕೆ ಒಗೆದು ಬಾವಿಗೆ ಹಾರಿದವರು ಭಾವನವರೇ. ಇವರ ಕೂದಲು ಹಿಡಿದು ಮೇಲಕ್ಕೆತ್ತಿ, ಮೆಟ್ಟಿಲ ಮೇಲೆ ಒರಗಿಸಿ, "ತಮ್ಮಾ, ಏ ತಮ್ಮಾ, ಮಾತಾಡಲೇ" ಎಂದು ಅಳುತ್ತಿದ್ದರು. ಮೋಟಾರು ಇನ್ನೂ ಓಡುತ್ತಿತ್ತು. ನೀರು ಕಡಿದ ಬದುವಿನಿಂದ ಎರಡೂ ಕಡೆ ಹರಿದು, ಎರಡೂ ಹೊಲಕ್ಕೆ ಸಾಲದೆ, ನಡುವಿನ ದಾರಿಯಲ್ಲಿ ನಿಂತಿತ್ತು.

ಇವರು ಬದುಕಿದರು. ಬಲಗಾಲು ಮೊದಲಿನಂತಾಗಲಿಲ್ಲ.

ಮಾವ ಫಿರ್ಯಾದು ಕೊಟ್ಟರು. ಕೇಸು ಕೋರ್ಟಿಗೆ ಬರುವಷ್ಟರಲ್ಲಿ ನನ್ನ ಮಗಳು ನಡೆಯತೊಡಗಿದ್ದಳು. ಕಣ್ಣಾರೆ ಕಂಡ ಸಾಕ್ಷಿ ನಾನೊಬ್ಬಳೇ. ಕಟಕಟೆಯಲ್ಲಿ ನಿಂತೆ. ಭಾವನವರ ವಕೀಲರು ಎದ್ದರು. ರಾಜಿಗೆ ದೊಡ್ಡ ಮನೆಯ ಪರವಾಗಿ ಸಹಿ ಹಾಕಿದವರು ಅವರೇ.

"ಘಟನೆ ಆದದ್ದು ಮುಂಜಾನಿ ಎಂಟರ ಸುಮಾರಿಗೆ ಅಂತ ಹೇಳೀರಿ. ಆ ಹೊತ್ತಿಗೆ ಬಾವಿ ಪಾಳಿ ಯಾರದಿತ್ತು?"

"ಇಬ್ಬರದೂ ಇತ್ರಿ."

"ಬಾವಿ ಎಷ್ಟು?"

"ಒಂದ್ರಿ."

"ಮೋಟಾರು?"

"ಒಂದ್ರಿ."

"ಒಂದು ಬಾವಿ, ಒಂದು ಮೋಟಾರು, ಒಂದು ಹೊತ್ತು. ಇಬ್ಬರ ಪಾಳಿ ಹೆಂಗ ಇರತೈತಿ? ಸರಿಯಾಗಿ ಹೇಳ್ರಿ. ಯಾರದು?"

"ಇಬ್ಬರದೂರಿ. ನಿಮ್ಮದ ಸಹಿ ಐತಲ್ರಿ ಅದಕ್ಕ."

ಹಿಂದೆ ಯಾರೋ ನಕ್ಕರು. ಸಾಹೇಬರು ತಲೆಯೆತ್ತಿದರು. ಹೊಸಬರು, ಡಿಕ್ರಿಗೆ ಸಹಿ ಹಾಕಿದವರಲ್ಲ. ಏನೆಂದು ಕೇಳಿದರು. ನಾನು ಆಣೆ, ತಾಸು, ಅರವತ್ತಾರು, ಐವತ್ತೈದು, ಐವತ್ತೈದು ಎಂದೆಲ್ಲ ಹೇಳಿದೆ. ಅವರು ಪೆನ್ಸಿಲು ತೆಗೆದುಕೊಂಡರು. ಇಷ್ಟು ದಿನದ ಮೇಲೆ ಒಬ್ಬರು ಕೂಡಿಸುತ್ತಿದ್ದಾರೆ ಎಂದುಕೊಂಡೆ. ಮೂರು ಅಂಕಿ, ಮೂರನೇ ಇಯತ್ತೆಯ ಮಗು ಮಾಡುವ ಲೆಕ್ಕ. ಅಷ್ಟರಲ್ಲಿ ಭಾವನವರ ವಕೀಲರು, ಇದು ದಿವಾಣಿ ದಾವೆಯ ವಿಷಯ, ಈ ಕೇಸಿಗೆ ಸಂಬಂಧವಿಲ್ಲ ಎಂದರು. ಸರಕಾರಿ ವಕೀಲರೂ ತಕರಾರು ಮಾಡಲಿಲ್ಲ. ಅವರಿಗೂ ಆ ಅಂಕಿಗಳಿಂದ ಪಾರಾದರೆ ಸಾಕಾಗಿತ್ತು. ಸಾಹೇಬರು ಗಡಿಯಾರ ನೋಡಿ ಪೆನ್ಸಿಲು ಕೆಳಗಿಟ್ಟರು.

ನನ್ನ ಜಬಾನಿಯನ್ನು, ಎಂದರೆ ಬರೆದುಕೊಂಡ ಸಾಕ್ಷಿ ಹೇಳಿಕೆಯನ್ನು, ಓದಿಹೇಳಿದಾಗ ಅದರಲ್ಲಿ ಹೀಗಿತ್ತು: ಆ ಹೊತ್ತಿಗೆ ಪಾಳಿ ಯಾರದೆಂದು ಸಾಕ್ಷಿದಾರಳಿಗೆ ಗೊತ್ತಿಲ್ಲ.

"ಹಂಗ ಹೇಳಿಲ್ರಿ ನಾ" ಎಂದೆ. "ಎರಡೂ ಒಂದ ಅರ್ಥ, ಸಹಿ ಮಾಡ್ರಿ" ಎಂದು ಬೆಂಚ್ ಗುಮಾಸ್ತ ಮೆಲ್ಲಗೆ ಹೇಳಿದ. ಒಂದೇ ಅರ್ಥವಲ್ಲ. ಗೊತ್ತಿಲ್ಲದಿರುವುದಕ್ಕೂ ಎರಡೂ ನಿಜವಾಗಿರುವುದಕ್ಕೂ ನಡುವೆ ನನ್ನ ಗಂಡನ ಕಾಲಿತ್ತು. ಸಾಕ್ಷಿ ಗೊಂದಲದ್ದೆಂದು ಕೇಸು ಬಿದ್ದುಹೋಯಿತು. ಭಾವನವರಿಗೆ ಶಿಕ್ಷೆಯಾಗಲಿ ಎಂಬ ಆಸೆ ನನಗಿರಲಿಲ್ಲ. ಮೂರು ಅಂಕಿ ಕೂಡಿಸಿದ್ದರೆ ಆ ಸಲಿಕೆ ಯಾಕೆ ಮೇಲೆ ಹೋಯಿತೆಂದು ಒಬ್ಬರಿಗಾದರೂ ತಿಳಿಯುತ್ತಿತ್ತು.

ಕೋರ್ಟಿನ ಪಡಸಾಲೆಯಲ್ಲಿ ಕಾಯುತ್ತ ಕೂತ ಆ ವರ್ಷಗಳಲ್ಲಿ ವಕೀಲರನ್ನು ಬಹಳ ನೋಡಿದೆ. ಅಥಣಿಯಿಂದ ಬಂದವರ ಆಸ್ತಿ ವಾಟಣಿ, ಕಾಗವಾಡದವರ ಹೊಲದ ಗಡಿ, ಕೊಗನೊಳ್ಳಿ ಹತ್ತಿರ ಹೈವೇ ಮೇಲಿನ ಲಾರಿ ಅಪಘಾತ. ಎಲ್ಲದರ ಹೊಟ್ಟೆಯಲ್ಲೂ ಒಂದು ಲೆಕ್ಕ ಇದ್ದೇ ಇರುತ್ತಿತ್ತು: ಗುಂಟೆಯ ಭಾಗಾಕಾರ, ಇಷ್ಟು ದೂರದಿಂದ ಬ್ರೇಕು ಹಾಕಿದರೆ ಲಾರಿ ಎಲ್ಲಿ ನಿಲ್ಲುತ್ತದೆ ಎಂಬುದು, ಸತ್ತವನ ದುಡಿಮೆಯ ಉಳಿದ ವರ್ಷ. ಮಾತಿನಲ್ಲಿ ಹುಲಿಯಂತಿದ್ದವರು ಅಂಕಿ ಬಂದ ಕೂಡಲೇ ಗುಮಾಸ್ತನ ಕಡೆ ತಿರುಗುತ್ತಿದ್ದರು. ಗುಮಾಸ್ತ ಹೇಳಿದ್ದನ್ನು ತಾಳೆ ನೋಡುತ್ತಿರಲಿಲ್ಲ. ಮಾತಿನ ತಪ್ಪನ್ನು ಎದುರಿನ ವಕೀಲ ಹಿಡಿಯುತ್ತಾನೆ. ಅಂಕಿಯ ತಪ್ಪನ್ನು ಹಿಡಿಯಲು ಅವನೂ ಕೂಡಿಸಬೇಕಲ್ಲ. ಅವರಿಗೆ ದೊಡ್ಡ ಗಣಿತ ಬೇಕಾಗಿರಲಿಲ್ಲ. ಸಹಿ ಹಾಕುವ ಮೊದಲು ಪಾಲುಗಳನ್ನೆಲ್ಲ ಕೂಡಿಸಿ ಇಡೀ ವಸ್ತು ಬರುತ್ತದೆಯೇ ಎಂದು ಒಮ್ಮೆ ನೋಡುವ ಅಭ್ಯಾಸ ಸಾಕಿತ್ತು. ಕಾಲೇಜಿನಲ್ಲಿ ನಮಗೆ ಉತ್ತರ ಬಂದ ಮೇಲೆ ತಾಳೆ ನೋಡದಿದ್ದರೆ ಮಾರ್ಕು ಕೊಡುತ್ತಿರಲಿಲ್ಲ.

ಈಚೆಗೆ ನನ್ನ ತಮ್ಮನ ಮಗಳು ಲಾ ಕಾಲೇಜು ಸೇರಿದಳು. "ಲೆಕ್ಕ ಇಲ್ಲ ಅಂತನ ತಗೊಂಡೆನತ್ತಿ" ಎಂದು ನಕ್ಕಳು. ನಾನು ಕೈಯಲ್ಲಿದ್ದ ತಾಟು ಬಿಟ್ಟುಬಿಟ್ಟೆ. ಅವಳಿಗೆ ಇದನ್ನೆಲ್ಲ ಹೇಳಿದೆ. ಕೇಳಿಸಿಕೊಂಡಳು. "ಈಗೆಲ್ಲ ಕ್ಯಾಲ್ಕುಲೇಟರ್ ಅದಾವತ್ತಿ" ಎಂದಳು. ಆಗಲೂ ಇದ್ದವು. ಚಿಕ್ಕೋಡಿಯ ವಕೀಲರ ಮೇಜಿನ ಮೇಲೇ ಒಂದು ಇತ್ತು, ಪ್ಲಾಸ್ಟಿಕ್ ಹೊದಿಕೆಯೂ ತೆಗೆದಿರಲಿಲ್ಲ.

ಆ ಕಾಲಿನಿಂದ ನನ್ನ ಗಂಡನಿಗೆ ಬಾವಿಯ ದಂಡೆ ಏರಲು ಆಗುತ್ತಿರಲಿಲ್ಲ. ಕೇಸು ಬಿದ್ದ ಮೇಲೆ ಹಗಲು ಕರೆಂಟಿನ ಸೋಮವಾರ ನಾನೇ ಹೋಗತೊಡಗಿದೆ. ಭಾವನವರು ಮೊದಲ ದಿನ ನನ್ನನ್ನು ನೋಡಿ ತಲೆ ತಗ್ಗಿಸಿ ಮರಳಿದರು. ತಮ್ಮನ ಹೆಂಡತಿಯ ಎದುರು ಸ್ಟಾರ್ಟರಿಗೆ ಕೈ ಹಾಕುವುದು ಅವರಿಂದ ಆಗಲಿಲ್ಲ. ಮುಂದಿನ ಪಾಳಿಗೆ ತಮ್ಮ ಹೆಂಡತಿಯನ್ನು ಕಳಿಸಿದರು. ನನ್ನ ಮದುವೆಯಲ್ಲಿ ನನಗೆ ಸೀರೆ ಉಡಿಸಿದವರು ಅವರು. ಆರರಿಂದ ಎರಡರವರೆಗೆ ನಾವಿಬ್ಬರೂ ಮೋಟಾರು ಖೋಲಿಯ ಆಚೆ ಈಚೆ ಹುಲ್ಲು ಕೊಯ್ಯುವವರಂತೆ ಕೂತಿರುತ್ತಿದ್ದೆವು. ಇಬ್ಬರ ಕೈಯಲ್ಲೂ ಕುಡಗೋಲು. ಹುಲ್ಲು ಯಾವಾಗಲೋ ಮುಗಿದಿರುತ್ತಿತ್ತು.

"ನಿನ್ನ ಮಗಳಿಗೆ ಜ್ವರ ಬಿಟ್ಟಾವೇನು?" ಎಂದು ಅವರು ಒಮ್ಮೆ ಮುಖ ತಿರುಗಿಸಿಕೊಂಡೇ ಕೇಳಿದರು.

"ಬಿಟ್ಟಾವ್ರಿ ಅಕ್ಕಾ."

ಆಮೇಲೆ ಅವರು ಎದ್ದು ಕೆಂಪು ಗುಂಡಿ ಒತ್ತಿದರು. ನಾನು ಎದ್ದು ಹಸಿರು ಒತ್ತಿದೆ. ಅವರ ಮುಷ್ಟಿ ಕುಡಗೋಲಿನ ಹಿಡಿಯ ಮೇಲೆ ಬಿಗಿಯುವುದನ್ನು ನೋಡಿದೆ. ನನ್ನದೂ ಬಿಗಿದಿತ್ತು. ಅಂದು ಏನೂ ಆಗಲಿಲ್ಲ. ಏನೂ ಆಗದ ಆ ಸೋಮವಾರವೇ ಬಾವಿಗೆ ಬಿದ್ದ ಸೋಮವಾರಕ್ಕಿಂತ ಹೆಚ್ಚು ಸಲ ನನ್ನನ್ನು ನಿದ್ದೆಯಿಂದ ಎಬ್ಬಿಸಿದೆ.

ಲೆಕ್ಕದ ತಪ್ಪು ತಿದ್ದಲು ಅರ್ಜಿ ಹಾಕಬಹುದೆಂದು ಚಿಕ್ಕೋಡಿಯ ವಕೀಲರು ಹೇಳಿದ್ದು ಈ ಹೊತ್ತಿಗೆ. ವಯಸ್ಸಾಗಿತ್ತು ಅವರಿಗೆ. ಇವರ ಕಾಲನ್ನು ಒಂದು ಸಲ ನೋಡಿದ ಮೇಲೆ ಮತ್ತೆ ಆ ಕಡೆ ನೋಡಲಿಲ್ಲ. "ಆದ್ರ ತಂಗೆವ್ವಾ, ತಿದ್ದೂದಂದ್ರ ಎಲ್ಲಾರದೂ ಕಡಿಮಿ ಆಗತೈತಿ. ನಿಮ್ಮ ಮಾವನವರು ಎರಡೂವರಿ ತಾಸು ಬಿಡ್ತಾರೇನು, ಮೊದಲ ಅದನ್ನ ಕೇಳ್ರಿ."

ಮಗನ ಕುಂಟು ಕಾಲು ಕಣ್ಣೆದುರಿಗಿತ್ತು. ಮಾವ ಒಪ್ಪುತ್ತಾರೆಂದೇ ನಾನು ತಿಳಿದಿದ್ದೆ.

"ಕೋರ್ಟು ಕೊಟ್ಟಿದ್ದನ್ನ ನಾ ಯಾಕ ಬಿಡ್ಲಿ? ನನ್ನ ಮಗ ಅದಕ್ಕ ಕಾಲು ಕೊಟ್ಟಾನ" ಎಂದರು ಮಾವ.

ದೊಡ್ಡ ಮನೆಯವರು, ಮೂರು ತಾಸು ಬಿಟ್ಟುಕೊಟ್ಟರೆ ತಪ್ಪು ಒಪ್ಪಿಕೊಂಡಂತೆ ಎಂದರು. ನಡುವಿನ ಮನೆಯವರಿಗೆ ಯಾವ ಜಗಳವೂ ಇರಲಿಲ್ಲ. ಅವರ ಪಾಳಿ ಯಾರ ಪಾಳಿಗೂ ತಾಗುತ್ತಿರಲಿಲ್ಲ. "ನಮಗೇನೂ ತ್ರಾಸ ಇಲ್ಲವಾ, ನಮ್ಮನ್ನ ಯಾಕ ಎಳೀತಿ?" ಎಂದು ಉಪ್ಪಿಟ್ಟು ತಿನ್ನಿಸಿ ಕಳಿಸಿದರು. ಅರ್ಜಿ ಹಾಕಿದೆವು ಆದರೂ, ಇವರ ಒಂದು ಸಹಿಯ ಮೇಲೆ. ಮೂರೂ ಕಡೆಯಿಂದ ತಕರಾರು ಬಂತು. ಮೂರನೆಯ ತಕರಾರು ನಮ್ಮ ಮನೆಯದೇ, ನನ್ನ ಮಾವನದು. ಇಲ್ಲದ ಎಂಟು ತಾಸಿಗೆ ವಾರಸುದಾರರು ಅಷ್ಟು ಜನ. ತಾರೀಖಿನ ಮೇಲೆ ತಾರೀಖು ಬಿತ್ತು. ಅರ್ಜಿ ವಿಚಾರಣೆಗೆ ಬರಲೇ ಇಲ್ಲ.

ಅದನ್ನು ಮುಗಿಸಿದ್ದು ಕೋರ್ಟಲ್ಲ. ತೊಂಬತ್ತರ ದಶಕ ಅರ್ಧ ಕಳೆದಾಗ ನಡುವಿನ ಮನೆಯವರು ಬೋರು ಕೊರೆಸಿದರು. ಅವರನ್ನು ನೋಡಿ ದೊಡ್ಡ ಮನೆಯವರು ಕೊರೆಸಿದರು. ಆಮೇಲೆ ಸುತ್ತಲ ಹೊಲಗಳಲ್ಲೆಲ್ಲ ಬೋರು ಕೊರೆಯುವ ಲಾರಿಗಳು ಬಂದು ಬೂದಿ ಬಣ್ಣದ ಧೂಳು ಹಾರಿಸಿದವು. ಬಾವಿಯ ನೀರು ಒಂದೊಂದೇ ಮೆಟ್ಟಿಲು ಇಳಿಯಿತು. ಇವರು ಬಿದ್ದಾಗ ಸೊಂಟ ಬಡಿದ ಕಲ್ಲಿನ ಕಟ್ಟೆ ನೀರಿನಿಂದ ಬಹಳ ಮೇಲೆ ಒಣಗಿ ನಿಂತಿತು. ಒಂದು ರವಿವಾರ ಮಧ್ಯಾಹ್ನ, ನಮ್ಮ ಪಾಳಿಯಲ್ಲೇ, ಮೋಟಾರು ಗಾಳಿ ಎಳೆಯತೊಡಗಿತು. ಕೊಳವೆಯ ಬಾಯಲ್ಲಿ ಕೆಸರು ಕೆಮ್ಮಿ ನಿಂತಿತು. ಇವರು ಕೋಲೂರಿಕೊಂಡು ಬಂದು ಬಗ್ಗಿ ನೋಡಿದರು. ಆಚೆ ಬದಿಯಿಂದ ಭಾವನವರೂ ಬಂದು ಬಗ್ಗಿ ನೋಡಿದರು. ಭಾವನವರೇ ಹೋಗಿ ಕೆಂಪು ಗುಂಡಿ ಒತ್ತಿದರು.

ನಮಗೆ ಬೋರು ಹತ್ತಲಿಲ್ಲ. ಕೊರೆಸಿದ ಎರಡೂ ಕಡೆ ಧೂಳೇ ಬಂತು. ಆ ವರ್ಷವೇ ಕಬ್ಬಿನ ಬುಡ ಕಿತ್ತು ಮಳೆ ನಂಬಿದ ಜೋಳ ಹಾಕಿದೆವು. ಡಿಕ್ರಿ ಈಗಲೂ ಕಾನೂನಿನ ಪ್ರಕಾರ ಜಾರಿಯಲ್ಲಿದೆ. ಆ ಒಣ ಬಾವಿಯಲ್ಲಿ ವಾರಕ್ಕೆ ಐವತ್ತೈದು ತಾಸು ನಮ್ಮದು.

ಮೋಟಾರು ನಿಂತ ಆ ರವಿವಾರ ಸಂಜೆ ಹೊತ್ತು ಮುಳುಗುವ ಮೊದಲೇ ಉಂಡು ಮಲಗಿದೆ. ಎಚ್ಚರವಾದಾಗ ಬಿಸಿಲು ಹಾಸಿಗೆಯ ಮೇಲೆ ಬಿದ್ದಿತ್ತು. ಎದ್ದು ಕೂತು ಮೊದಲು ಹಾಸಿಗೆಯ ಆ ಬದಿಗೆ ಕೈ ಚಾಚಿದೆ. ಇವರು ಅಲ್ಲೇ ಇದ್ದರು, ಕೆಟ್ಟ ಕಾಲನ್ನು ದಿಂಬಿನ ಮೇಲಿಟ್ಟು ಬಾಯಿ ತೆರೆದು ನಿದ್ದೆ ಹೋಗಿದ್ದರು. ಹೊರಗೆ ಅತ್ತೆ ಯಾರದೋ ಬೋರಿನಿಂದ ಬೇಡಿ ತಂದ ನೀರು ಸೋಸುತ್ತಿದ್ದರು. ಸೋಮವಾರ ಆರು ಗಂಟೆ ಯಾವಾಗಲೋ ಕಳೆದುಹೋಗಿತ್ತು.